ಮೂರನೇ ಭಾನುವಾರ

ಮೊದಲು ಹತ್ತು ನಿಮಿಷ ಓಡಿಸು, ಅಂದಿದ್ದ ಬುಡೇನ್ ಸಾಬ್,
ಬೆಚ್ಚಗಾದ ಎಣ್ಣೆ ತಾನಾಗಿ ಇಳಿಯುತ್ತೆ,
ತಣ್ಣಗಿದ್ದದ್ದನ್ನು ಬೇಡಿಕೊಳ್ಳಬೇಕು.

ಹಿತ್ತಲ ಹಾಸುಗಲ್ಲಿನ ಮೇಲೆ ಗೋಣಿತಟ್ಟು,
ಅದರ ಮೇಲೆ ಜನರೇಟರು. ಒಂದು ಕಡೆ ಇಟ್ಟಿಗೆ ಕೊಟ್ಟು ವಾಲಿಸಿದ್ದೇನೆ,
ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ.
ಕೆಳಗೆ ಬೋಗುಣಿ. ನಟ್ಟು ಸಡಿಲಿಸಿದೆ.
ಮೂರು ತಿಂಗಳ ಕತ್ತಲು ಎಳೆಎಳೆಯಾಗಿ ಇಳಿಯಿತು.

ಅಂಗಡಿಯಲ್ಲಿ ಹದಿನಾಲ್ಕು ಗಾಜಿನ ತೊಟ್ಟಿ.
ನೀರಿಗೇ ದಿನ ಎಣಿಸೋ ಈ ದುರ್ಗದಲ್ಲಿ
ಮೀನು ಮಾರ್ತೀಯಲ್ಲೇ ತಿಪ್ಪಕ್ಕ, ಅದೂ ತಿನ್ನದ ಮೀನು,
ಎಂದು ನಕ್ಕಿದ್ದರು ಸಂತೆಪೇಟೆಯಲ್ಲಿ.
ಈಗ ಅವರ ಮಕ್ಕಳೇ ಗಾಜಿಗೆ ಮೂಗೊತ್ತಿ ನಿಲ್ಲುತ್ತಾರೆ.
ಮೂಗಿನ ಗುರುತು ಒರೆಸುವುದೂ ನನ್ನ ಕೆಲಸವೇ.

ಹೋದ ವರ್ಷ, ಆಯುಧಪೂಜೆ ಕಳೆದ ಐದನೇ ದಿನ
ಕರೆಂಟು ಹೋಗಿ ಹನ್ನೊಂದು ತಾಸು.
ಎಳೆದೆ ಹಗ್ಗ. ಎಳೆದೆ. ಪಕ್ಕದ ಟೈಲರ್ ಪಾಪಣ್ಣನೂ ಎಳೆದ.
ಹಣೆಗೆ ವಿಭೂತಿ, ಕುಂಕುಮ, ಕೊರಳಿಗೆ ಬಾಡಿದ ಚೆಂಡುಹೂವು,
ಕೆಮ್ಮಿತೇ ಹೊರತು ಏಳಲಿಲ್ಲ.
ಜೋಗಿಮಟ್ಟಿ ಕಡೆಯ ಗುಡ್ಡದ ಮೇಲೆ ಸಂಜೆಬೆಳಕಲ್ಲಿ
ಗಾಳಿಯಂತ್ರಗಳು ನಿಧಾನ ತಿರುಗುತ್ತಲೇ ಇದ್ದವು,
ಯಾರ ಮನೆಗೋ ಏನೋ.
ಚೊಂಬಿನಲ್ಲಿ ನೀರೆತ್ತಿ ಅದೇ ನೀರಿಗೆ ಸುರಿಯುತ್ತ ಕೂತೆ, ಗಾಳಿ ಬೆರೆಯಲೆಂದು,
ತೊಟ್ಟಿಯಿಂದ ತೊಟ್ಟಿಗೆ.
ಬೆಳಗಿಗೆ ಮೂವತ್ತೆರಡು, ಬಿಳಿ ಹೊಟ್ಟೆ ಮೇಲಾಗಿ.

"ಕುಂಕುಮ ಹಚ್ಚಿದ್ದು ಸರಿ ಅಕ್ಕಾ, ಆಯಿಲು ಯಾವಾಗ ಹಾಕಿದ್ದೆ?"
ಸಾಬ್ ಬೈಯಲಿಲ್ಲ.
ಕೈಗೆ ಸ್ಪ್ಯಾನರ್ ಕೊಟ್ಟ.

ಅಂದಿನಿಂದ ಇದು.
ಪ್ಲಗ್ಗಿನ ತುದಿಗೆ ಮಸಿ, ನಮ್ಮತ್ತೆಯ ಕಾಡಿಗೆ ಬಟ್ಟಲಿನಂಥದೇ.
ತಂತಿ ಬ್ರಶ್ಶಿನಿಂದ ಉಜ್ಜಿ, ಕಿಡಿ ಹಾರುವ ಸಂದಿಗೆ
ಹ್ಯಾಕ್ಸಾ ಬ್ಲೇಡು ತೂರಿಸಿ ನೋಡುತ್ತೇನೆ:
ದೂರವೂ ಬೇಡ, ತೀರ ಹತ್ತಿರವೂ ಬೇಡ,
ನಾದಿನಿಯರ ಜೊತೆ ಇದ್ದ ಹಾಗಿರಬೇಕು.
ಫಿಲ್ಟರಿನ ಸ್ಪಂಜಿಗೆ ಮೀನಿನ ತೊಟ್ಟಿ ಬದಲಿಸಿದ ನೀರೇ, ಚೂರು ಸೋಪು.
ಹೊಳಲ್ಕೆರೆ ರಸ್ತೆಯ ಅದಿರು ಲಾರಿಗಳ ಕೆಂಪು
ಮೂರು ಬಕೆಟ್ಟಿಗೂ ಬಿಡಲಿಲ್ಲ.
ತಿರುಪುಗಳು ಊಟದ ತಟ್ಟೆಯಲ್ಲಿ, ಬಿಚ್ಚಿದ ಕ್ರಮದಲ್ಲೇ.
ಒಮ್ಮೆ ಬೆಕ್ಕು ಒಂದನ್ನು ಆಡಿಸಿಕೊಂಡು ಹೋಗಿ ಅರ್ಧ ದಿನ ಹಾಳು.

ಇವತ್ತು ಹಗ್ಗದ ಕವಚ ತೆಗೆದರೆ
ಗಾಳಿ ಒಳಹೋಗುವ ಜಾಲರಿಗೆ ಅಡ್ಡ ಒಂದು ಮಣ್ಣಿನ ಗೂಡು.
ಕುಂಬಾರ ಹುಳದ್ದು. ಹೆಬ್ಬೆರಳಷ್ಟು, ನುಣ್ಣಗೆ.
ಈ ಬಿಸಿಲಲ್ಲಿ ಎಲ್ಲಿಂದ ತಂತು ಹಸಿಮಣ್ಣು?
ನನ್ನ ಬಚ್ಚಲ ಬಾಯಿಂದಲೇ ಇರಬೇಕು.
ಸ್ಕ್ರೂಡ್ರೈವರ್ ತುದಿಯಿಂದ ಮೀಟಿದೆ. ಒಡೆಯಿತು.
ಒಳಗೆ ಐದು ಹಸಿರು ಹುಳು, ಸತ್ತಿಲ್ಲ, ಅಲುಗುವುದೂ ಇಲ್ಲ,
ಹುಟ್ಟಲಿರುವ ಮರಿಗೆ ಕಟ್ಟಿಟ್ಟ ಬುತ್ತಿ.
ಮೂಲೆಯಲ್ಲಿ ಅಕ್ಕಿನುಚ್ಚಿನಂಥ ಮೊಟ್ಟೆ.

ಬುಡೇನ್ ಸಾಬ್ ಇದನ್ನು ಹೇಳಿಕೊಟ್ಟಿರಲಿಲ್ಲ.
ದೊಡ್ಡ ತೊಟ್ಟಿಯ ಆಸ್ಕರ್ ಮೀನಿಗೆ ಹಾಕಬಹುದಿತ್ತು,
ಗುಳುಂ ಅನ್ನಿಸುತ್ತಿತ್ತು.
ಖಾಲಿ ಬೆಂಕಿಪೊಟ್ಟಣದಲ್ಲಿ ಎಲ್ಲವನ್ನೂ ಇಟ್ಟು
ಗೋಡೆಯ ಬಿರುಕಿಗೆ ಸಿಕ್ಕಿಸಿದೆ. ಬದುಕುತ್ತೋ ಇಲ್ಲವೋ.

ಹೊಸ ಎಣ್ಣೆ ಬೆಲ್ಲದ ಪಾಕದ ಬಣ್ಣ, ಕಡ್ಡಿಯ ಗುರುತಿನವರೆಗೆ.
ಹಗ್ಗ. ಒಂದು. ಎರಡು.
ಮೂರಕ್ಕೆ ಎದ್ದಿತು.
ಕರೆಂಟು ಇತ್ತು, ಆದರೂ ಪಂಪುಗಳನ್ನು ಇದಕ್ಕೇ ಸಿಕ್ಕಿಸಿ
ಹದಿನಾಲ್ಕು ತೊಟ್ಟಿಯಲ್ಲೂ ಗುಳ್ಳೆ ಏಳುವುದನ್ನು ನೋಡಿ ಬಂದೆ.
ಆಮೇಲೆ ಪಂಪು ಕಳಚಿ ಪೆಟ್ರೋಲಿನ ನಲ್ಲಿ ಮುಚ್ಚಿದೆ,
ಒಳಗೆ ಉಳಿದದ್ದು ತೀರುವತನಕ ಓಡಲಿ,
ನಿಂತರೆ ಗೋಂದಾಗುತ್ತೆ.

ಎರಡು ಸಲ ಏದುಸಿರು ಬಿಟ್ಟು ಸುಮ್ಮನಾಯಿತು.
ಆಗ ಕೇಳಿಸಿತು ಸಣ್ಣಗೆ ಗುಂಯ್.
ಬಾಯಲ್ಲಿ ಹಸಿಮಣ್ಣಿನ ಉಂಡೆ,
ಜಾಲರಿಯ ಮುಂದೆ ಬಂದು, ಹಿಂದೆ ಸರಿದು,
ಮತ್ತೆ ಬಂದು.