ಹತ್ತು ತೆತ್ರಿ

ನಮ್ಮ ವಠಾರದ ಲಿಫ್ಟು ಬಿಟ್ಟಿ ಏರುವುದಿಲ್ಲ.
ಹತ್ತು ತೆತ್ರಿ ನುಂಗಬೇಕು, ನುಂಗಿ ಕೆಮ್ಮಬೇಕು,
ಆಮೇಲೆ ಒಲ್ಲದ ಎಮ್ಮೆಯ ಹಾಗೆ ಮೇಲೇಳುತ್ತದೆ.
ಇಳಿಯುವುದು ಪುಕ್ಕಟೆ.
ಇಳಿಯಲಿಕ್ಕೆ ಯಾರೂ ಕಾಸು ಕೇಳುವುದಿಲ್ಲ
ತ್ಬಿಲಿಸಿಯಲ್ಲಿ.

ಕುತಾಯಿಸಿಯಿಂದ ಬಂದ ವರ್ಷ
ಇನ್ನೂರು ಕಾರ್ಡು ಅಚ್ಚು ಹಾಕಿಸಿದ್ದೆ:
‘ನಾನೂಲಿ ಲೊಮ್ತಾದ್ಜೆ. ಪಿಯಾನೋ ಶ್ರುತಿ ಮಾಡಿಕೊಡಲಾಗುವುದು.’
ಹೆಸರಿನ ಸುತ್ತ ಬಂಗಾರದ ಬಳ್ಳಿ ಬೇರೆ.
ಸಂಗೀತಶಾಲೆಯ ಮೆಟ್ಟಿಲಲ್ಲಿ ನಿಂತು ಹಂಚಿದೆ.
ಕೋಟಿನ ಜೇಬುಗಳು ಇಸಿದುಕೊಂಡವು,
ಮನುಷ್ಯರಲ್ಲ.
ಮಿಕ್ಕ ಮೂವತ್ತನ್ನು ಮಡಿಸಿ
ಕುಂಟುವ ಮೇಜಿನ ಕಾಲಡಿ ಇಟ್ಟೆ.
ಅಂದಿನಿಂದ ಮೇಜೊಂದು ನನ್ನನ್ನು ನಂಬಿ ನಿಂತಿದೆ.

ಝುಝುನಾ ಐದನೇ ಮಹಡಿಯವಳು.
ಎರಡೂ ಕೈಯಲ್ಲಿ ಆಲೂಗಡ್ಡೆ ಚೀಲ,
ಹಲ್ಲಿನ ನಡುವೆ ಬೀಗದ ಕೈ,
ಚಿಲ್ಲರೆ ಯಾವ ಜೇಬಿನಲ್ಲೋ ದೇವರೇ ಬಲ್ಲ.
ನಾನು ನಾಣ್ಯ ಹಾಕಿದೆ.
ಎರಡಕ್ಕೂ ಮೂರಕ್ಕೂ ನಡುವೆ
ಬೀಗದ ಕೈ ಉಗುಳಿ ಕೇಳಿದಳು:
“ಆ ಪೆಟ್ಟಿಗೆಯಲ್ಲೇನು? ನಲ್ಲಿ ರಿಪೇರಿಯವಳೇ?”
ಶ್ರುತಿಯ ಕವೆ ತೆಗೆದು ಮೊಣಕಾಲಿಗೆ ಬಡಿದು
ಅವಳ ಕಿವಿಗೆ ಹಿಡಿದೆ.
ನಾಲ್ಕರಲ್ಲಿ ನಕ್ಕಳು.
ಐದರಲ್ಲಿ ಮರೆತಳು ಅಂದುಕೊಂಡೆ.

ಅವಳ ಮೈದುನ ಅಂಜೋರ್ ಮಿನಿಬಸ್ಸು ಓಡಿಸುತ್ತಾನೆ.
ಅವನ ಪಕ್ಕದ ಸೀಟನ್ನು ದಿನವೂ ಹಿಡಿಯುವ ಮುದುಕ
ಒಂದು ಶಾಲೆಯ ಕಾವಲುಗಾರ.
ಶಾಲೆಯ ಪಿಯಾನೋದೊಳಗೆ ಇಲಿ ಮರಿ ಹಾಕಿತ್ತು.
ಮರಿಗಳನ್ನು ಟೋಪಿಯಲ್ಲಿ ಎತ್ತಿಕೊಂಡವನು ಅವನು,
ತಂತಿ ಬಿಗಿದವಳು ನಾನು.
ಕೊಟ್ಟ ಹಣ ಕಮ್ಮಿ, ಮೇಲೆ ಒಂದು ಚೀಲ ಅಕ್ರೋಟು.
ಒಂಟಿ ಹೆಂಗಸು ಎಷ್ಟು ಅಕ್ರೋಟು ತಿಂದಾಳು?
ಅರ್ಧವನ್ನು ರೊಟ್ಟಿಯಂಗಡಿಯ ಲಮಾರಾಗೆ ಸುರಿದೆ.
ಲಮಾರಾಳ ಸೊಸೆಗೆ ಪಾಠ ಹೇಳುವಾಕೆಯ ಮನೆಯಲ್ಲಿ
ಮೂಗುಬ್ಬಸದ ಜರ್ಮನ್ ಪಿಯಾನೋ.

ಹೀಗೆ.

ಓದಿದವರು ಇದನ್ನು ಸಂಪರ್ಕಜಾಲ ಅನ್ನುತ್ತಾರಂತೆ.
ಜಾಲವೆಂದರೆ ಬಲೆ.
ಬೀಸಲೇ ಇಲ್ಲ ಎಂದು ಆಣೆಯಿಡಲಾರೆ ನಾನು.
ಮೊದಲ ನಾಣ್ಯ ಸುಮ್ಮನೆ ಬಿತ್ತು,
ನಾಲ್ಕನೆಯದರಲ್ಲಿ ಲೆಕ್ಕವಿತ್ತು.
ಪಿಟೀಲು ಪೆಟ್ಟಿಗೆ ಹಿಡಿದವನೊಬ್ಬನಿಗೆ
ವಾರವಿಡೀ ಲಿಫ್ಟಿನ ಖರ್ಚು ನನ್ನದು.
ಪೆಟ್ಟಿಗೆಯಲ್ಲಿದ್ದದ್ದು ಹೊಗೆಗಿಟ್ಟ ಚೀಸು.
ನಾಚಿಕೆಯಿಂದ ಒಂದು ತುಂಡು ತಿಂದೆ.
ರುಚಿಯಾಗಿತ್ತು.

ಪಿಯಾನೋದ ಹೊಟ್ಟೆ ಬಗೆದು ನೋಡಿದ್ದೀರಾ?
ಇನ್ನೂರು ಚಿಲ್ಲರೆ ತಂತಿ,
ಒಂದೊಂದೂ ಒಬ್ಬೊಬ್ಬ ಆಳಿನ ಭಾರ ಹೊತ್ತು
ಸದ್ದಿಲ್ಲದೆ ನಿಂತಿರುತ್ತದೆ.
ಒಂದನ್ನು ಬಿಗಿದರೆ ಪಕ್ಕದ್ದು ತುಸು ಸಡಿಲ.
ಎಲ್ಲ ಮುಗಿಸಿ ಮೊದಲಿಗೆ ಬಂದರೆ
ಮೊದಲನೆಯದು ಮುನಿಸಿಕೊಂಡಿರುತ್ತದೆ.
ಮತ್ತೆ ಮುಟ್ಟಿ ಕೇಳಬೇಕು, ಹೇಗಿದ್ದೀಯ ಅಂತ.

ಹೋದ ಚಳಿಗಾಲ ಝುಝುನಾ ಗ್ರೀಸಿಗೆ ಹೊರಟಳು,
ಯಾರದೋ ತಾಯಿಯ ಮೈ ತೊಳೆಯುವ ಕೆಲಸಕ್ಕೆ.
ಇಳಿಯುವುದು ಪುಕ್ಕಟೆಯಾದರೂ ಲಿಫ್ಟು ಬೇಡವೆಂದಳು.
ಐದೂ ಮಹಡಿ ನಡೆದೇ ಇಳಿದಳು
ಬಾಗಿಲು ಬಾಗಿಲು ತಟ್ಟುತ್ತ.
ಸೂಟ್‌ಕೇಸು ಹೊತ್ತು ಹಿಂದೆ ನಾನು.

ಮೊನ್ನೆ ರಾತ್ರಿ ಫೋನು.
“ಕೇಳು” ಎಂದವಳೇ ಏನನ್ನೋ ಒತ್ತಿದಳು.
ಥೆಸಲೋನಿಕಿಯಿಂದ ಒಂದು ಸ್ವರ ಬಂತು
ನೆಗಡಿ ಹಿಡಿದು.
(ದೂರದ ಸುದ್ದಿಗೂ ತಂತಿಯೆಂದೇ ಹೆಸರಿತ್ತು ಒಂದು ಕಾಲಕ್ಕೆ.)
“ಮುದುಕಿಯದು. ಗಂಡ ಹೋದಾಗಿನಿಂದ ಮುಚ್ಚಿಟ್ಟಿದ್ದಳು,
ಇವತ್ತು ತೆಗೆ ಅಂದಳು.
ಇಲ್ಲಿ ನನಗೆ ಯಾರು ಗೊತ್ತು, ನಾನೂಲಿ?”

“ರೊಟ್ಟಿ ಎಲ್ಲಿ ಕೊಳ್ಳುತ್ತೀ?”
“ಮೂಲೆಯಂಗಡಿ. ಯಾಕೆ?”
“ಅವನ ಹೆಸರೇನು?”

ಆಚೆ ಮೌನ.
ಮತ್ತೆ ಅದೇ ಸ್ವರ, ಈ ಸಲ ಮೆತ್ತಗೆ.
“ನಾಳೆ ಕೇಳುತ್ತೇನೆ.”

ಫೋನು ಇಟ್ಟ ಮೇಲೆ ತಲೆಯ ಮೇಲೆ ನಡೆದಾಡುವ ಸದ್ದು.
ಐದನೇ ಮಹಡಿಗೆ ಹೊಸಬರು ಬಂದು ನಾಲ್ಕು ತಿಂಗಳಾಯಿತು.
ಹೆಸರು
ನನಗೂ ಗೊತ್ತಿಲ್ಲ.