ನಲವತ್ತೆರಡು ಗಲಾಸು

ಎಣಿಸೇ ತೊಳಿಯಾಕಿ ನಾ, ಹನ್ನೆರಡು ವರ್ಷದ ರೂಢಿ.
ಒಂದು ಒಡದ್ರ ಪಗಾರದಾಗ ಮುರಕೋತಾನ ಕಾಯ್ತಾನ.
ಆವತ್ತು ಮುಂಜಾನೆ ಶಿವೋಲಿ ಬಂಗಲೆಯೊಳಗ
ನಲವತ್ತೆರಡು.
ಆರಕ್ಕ ತುಟಿಬಣ್ಣ ಹತ್ತಿತ್ತು, ಒಂದರಾಗ ನೊಣ ಸತ್ತಿತ್ತು,
ಒಂದರಾಗ ಮಾಸ್ಕು. ನೀಲಿದು. ನೀಟಾಗಿ ಮಡಚಿ
ನಿಂಬಿಹಣ್ಣಿನ ಹೋಳಿನ ಕೂಡ ತುರುಕಿದ್ರು.

ಸಾಹೇಬ್ರು ಬಂದಿದ್ರು. ಹೆಸರು ಬ್ಯಾಡ.
ಟೀವಿಯೊಳಗ ದಿನಾ ಸಂಜಿಗೆ ಕೈ ಮುಗದು
ಮನ್ಯಾಗ ಇರ್ರಿ, ಮನ್ಯಾಗ ಇರ್ರಿ ಅಂತ
ಕೊಂಕಣಿಯೊಳಗ ಒಮ್ಮೆ, ಹಿಂದಿಯೊಳಗ ಒಮ್ಮೆ ಹೇಳತಿದ್ರಲ್ಲ,
ಅವರಽ.
ಗೇಟಿನಾಗ ಹವಾಲ್ದಾರ ವೆಳಿಪ ಸಲಾಮು ಹೊಡದ ಅಂತ
ನಾಯಿಗೆ ಅನ್ನ ಹಾಕೂ ಹುಡುಗ ಹೇಳಿದ.

ಅದಽ ವೆಳಿಪ
ಹದಿನೆಂಟು ದಿನದ ಹಿಂದ, ಮಾಪ್ಸಾದ ನಮ್ಮ ಚಾಳಿನ ಮುಂದ
ಕೋಲು ಚಾಚಿ ಎಣಿಸಿದ್ದ:
ಏಕ, ದೋನ, ತೀನ, ಚಾರ, ಪಾಂಚ. ಬಸ್.
ಚಟ್ಟಕ್ಕ ನಾಕು ಹೆಗಲು.
ಮುಂದ ಬೆಂಕಿ ಗಡಿಗಿ ಹಿಡಿಯಾಕ ನನ್ನ ಮಗ.
ಅಕ್ಕ ಹುಲಿಗೆವ್ವ ಹೊಂಟ್ಲು.
ನಾ ಆರನೆಯಾಕಿ.

ಆಕಿಗೆ ಆ ಜಡ್ಡಲ್ಲ, ಬರೇ ಸಕ್ಕರಿ ಬ್ಯಾನಿ. ಗುಳಿಗಿ ಸಿಗಲಿಲ್ಲ.
ಬ್ಯಾರಿಕೇಡಿನ ಈಚೆ ನಿಂತು ನೋಡಿದೆ, ಮೂಲಿ ತಿರುಗೂತನಾ.
ಪಾದ ಕಾಣತಿದ್ದವು.
ಕಾಲುಂಗುರ ತಗಿಯೂದು ಮರತಿದ್ವಿ.
ಒದರಬೇಕಂದೆ.
ಆರನೆಯಾಕಿ ದನಿ ಎಲ್ಲಿತನಾ ಮುಟ್ಟೀತು.

ಬಾಜೂ ಬಂಗಲೆಯೊಳಗ ಮೂವರು ಇದ್ರು,
ವಿಮಾನ ನಿಂತು ಸಿಕ್ಕಿಬಿದ್ದ ಪರದೇಶದವರು.
ಅವರ ಅರಿವಿನೂ ನಾನಽ ಒಗಿಯಾಕಿ.
ರಾತ್ರಿಯೆಲ್ಲಾ ಹಾಡು ಕೇಳಿ ಅವರಿಗೂ ನಿದ್ದಿ ಇಲ್ಲ.

ತೂರಿಲ್ ಅಂದ್ಲು: ನಮ್ಮ ದೇಶದಾಗ ಆಗಿದ್ರ ದಂಡ.
ಪಾವತಿ ಪೇಪರಿನಾಗ ಅಚ್ಚ ಆಕ್ಕೈತಿ,
ಮರುದಿನ ಬಸ್ಸಿನಾಗ ಆ ಮಂತ್ರಿ ಬಾಜೂ ಯಾರೂ ಕೂಡೂದಿಲ್ಲ.
ಮಂತ್ರಿ, ಬಸ್ಸಿನಾಗ?
ನನಗ ಅದಽ ದೊಡ್ಡ ಬೆರಗು, ದಂಡದ ಮಾತು ಮರತೇಹೋತು.

ಮುದುಕ ಡೆಸ್ಮಂಡ್ ನಕ್ಕ: ನಮ್ಮವರು
ಮೊದಲು ಅದು ಆಗೇ ಇಲ್ಲ ಅಂತಾರ,
ಆಮ್ಯಾಲ ಪಾರ್ಟಿ ಅಲ್ಲ, ಕಚೇರಿ ಕೆಲಸ ಅಂತಾರ,
ಕಡೀಕ ಒಬ್ಬಾಕಿ ಮುದುಕಿ ಟೀವಿಗೆ ಬಂದು
ಗಂಡ ಸಾಯೂಮುಂದ ನಾ ಕಿಟಕಿ ಹೊರಗ ನಿಂತಿದ್ದೆ ಅಂತಾಳ.
ಆವಾಗ ನೋಡು, ದೇಶಕ್ಕ ದೇಶಽ ಚಾದ ಕಪ್ಪು ಕೆಳಗಿಡತೈತಿ.

ಗೆನ್ನಾದಿ ಎದ್ದು ಬಾಗಲಾ ಮುಚ್ಚಿ ಬಂದು ಕೂತ.
ದನಿ ಇಳಿಸಿ ಒಂದು ಜೋಕು ಹೇಳಿದ.
ಜೋಕು ನನಗ ತಿಳೀಲಿಲ್ಲ.
ಬಾಗಲಾ ಮುಚ್ಚಿದ್ದು ತಿಳೀತು.

ನಿಮ್ಮಲ್ಲಿ? ಅಂದ್ಲು ತೂರಿಲ್. ನೀವೇನು ಮಾಡ್ತೀರಿ?

ಕೈಯಾಗ ಆಕಿ ಹಸೀ ಚಾದರ. ನೀರು ಮೊಣಕೈಗುಂಟ ಇಳೀತಿತ್ತು.
ತೊಳೀತೀವಿ, ಅಂದೆ.
ಸಾಬಾಣದ ಮಾತು ಅಂತ ತಿಳಕೊಂಡು
ಆಕಿ ತಲಿ ಆಡಿಸಿದ್ಲು.

ಚಾಳಿನಾಗ ಹೇಳಿದೆ. ದ್ಯಾಮಣ್ಣ ಅಂದ:
ಹೋದ ವಾರ ಅಕ್ಕಿ ಹಂಚಿದವರು ಅವರಽ, ಸುಮ್ಮನಿರು.
ಬಾಜೂ ಮನಿ ಗ್ಯಾನವ್ವ ಕೇಳಿದ್ಲು: ಊಟಕ್ಕ ಏನೇನಿತ್ತು?
ಸಿಗಡಿ ಇತ್ತು.
ಉಳಿದದ್ದು ಕಟಗೊಂಡು ಬಂದಿದ್ದೆ. ತಿಂದ್ವಿ.
ರುಚಿ ಇತ್ತು. ಸುಳ್ಳು ಯಾಕ ಹೇಳಲಿ.

ಸಂಜಿಗೆ ಕಾಯ್ತಾನ ಎಣಿಸಿದ್ದ: ನಲವತ್ತೊಂದು.
ಒಡೀತೇನು? ಹೂಂ ಅಂದೆ. ಮುರಕೊಂಡ.

ಒಡದಿಲ್ಲ ಅದು.
ನಮ್ಮ ಗೂಡಿನಾಗ, ಅಕ್ಕನ ಫೋಟೋದ ಹಿಂದ ಐತಿ,
ಮಾಸ್ಕಿನ ಸಮೇತ. ನಿಂಬಿ ಹೋಳು ಒಣಗಿ ತೊಗಲಾಗೇತಿ.
ಯಾರಾರ ಕೇಳಾಕ ಬಂದ್ರ ತೋರಸೂಣು ಅಂತ ಇಟ್ಟೇನಿ.
ಮೂರು ಮಳಿಗಾಲ ಹೋದ್ವು. ಲೈಟ್ ಬಿಲ್ಲಿನಾಂವ ಬಿಟ್ರ
ಯಾರೂ ಬಂದಿಲ್ಲ.

ಮೊನ್ನೆ ಮಗ ಅದನ್ನ ತಗದು
ನೀರು ಕುಡಿಯಾಕಂತ ಕೊಡದಾಗ ಅದ್ದಾಕ ಹ್ವಾದ.
ಫಟ್ ಅಂತ ಕೈಮ್ಯಾಲ ಹೊಡದೆ.
ಅಕ್ಕನ ಬೆಂಕಿ ಹಿಡದ ಕೈ ಅದು.
ಹೊಡದಮ್ಯಾಲ ನೆನಪಾತು.