ಇಲ್ಲ ಎನ್ನಲಾರೆ

ಪುಂತಾ ಅರೆನಾಸ್. ಜೂನ್ ತಿಂಗಳು. ಒಂಬತ್ತಾದರೂ ಬೆಳಗಾಗಿಲ್ಲ.
ಬೇಸಿಗೆಯ ಗಾಳಿಗೆ ಜನ ಹಾರಿಹೋಗದಿರಲೆಂದು
ಬೀದಿ ಮೂಲೆಗೆ ಕಟ್ಟಿದ ಹಗ್ಗ
ಈಗ ಹಿಮ ಹಿಡಿದು ಕೋಲಾಗಿದೆ.
ಅದನ್ನು ಮುಟ್ಟದೆ, ಎರಡೂ ಕೈ ಕೋಟಿನೊಳಗಿಟ್ಟು
ಅಬೆಲಾರ್ದೊ ಓಯಾರ್ಸೊ ಬಂದ,
ದಿನ ತುಂಬಿದವಳು ಒಡಲು ಹಿಡಿದು ನಡೆವಂತೆ.

ಕಂಕುಳಿಂದ ತೆಗೆದ: ಹಸಿರು ಮಫ್ಲರು,
ಮಫ್ಲರಿನೊಳಗೆ ಉಣ್ಣೆಯ ಕಾಲುಚೀಲ,
ಕಾಲುಚೀಲದೊಳಗೆ ಮುಚ್ಚಳದ ಡಬ್ಬಿ.
‘ನಲವತ್ತು ನಿಮಿಷ. ಆರಿಲ್ಲ ತಾನೆ?’ ಅಂದ,
ಬುತ್ತಿಯ ಅನ್ನದ ಬಗ್ಗೆ ಕೇಳಿದ ಹಾಗೆ.
ಆರಿರಲಿಲ್ಲ.
ಚೀಟಿ ಬರೆದೆ: ಮೂವತ್ತೆಂಟು; ಹಡಗುಕಟ್ಟೆಯಲ್ಲಿ ವೆಲ್ಡಿಂಗು;
ಮದುವೆಯಾಗಿ ಒಂಬತ್ತು.
ಹೊರಗಿನ ಬೆಂಚಿನಲ್ಲಿ ಅವನ ನೊಲ್ಫಾ
ಕೈಚೀಲದ ಜಿಪ್ಪು ಎಳೆಯುತ್ತಿದ್ದಳು, ಹಾಕುತ್ತಿದ್ದಳು.

ಇಲ್ಲಿಗೆ ಬರುವ ಮುನ್ನ ಹನ್ನೊಂದು ವರ್ಷ
ಕುರಿಗಳ ಕೆಲಸ ನನ್ನದು, ಬಯಲಿನ ಶೆಡ್ಡಿನಲ್ಲಿ.
ಟಗರಿನದು ಕೆನೆಯಷ್ಟು ಗಟ್ಟಿ.
ಮಸೂರದಡಿ ಇಟ್ಟರೆ ಸುಳಿಸುಳಿಯಾಗಿ ಕುದಿಯುತ್ತದೆ,
ಎಣಿಸುವುದೇ ಅವಮಾನ ಅನಿಸುವಷ್ಟು.
ನೀರು ಬೆರೆಸಿ, ಹಂಚಿ, ನೂರಾರು ಕುರಿಗಳಿಗೆ.
ಯಾವ ಟಗರೂ ಬೆಂಚಿನಲ್ಲಿ ಕಾದದ್ದಿಲ್ಲ.

ಅರ್ಧ ಗಂಟೆ ಬಿಡಬೇಕು. ಲೋಳೆ ತಾನಾಗಿ ನೀರಾಗುತ್ತದೆ.
ಆ ಅರ್ಧ ಗಂಟೆಯಲ್ಲೇ ಫೋನು. ಅಕ್ಕನ ಮಗಳು ಮಿಲೆಂಕಾ,
ಇಪ್ಪತ್ತೊಂದು, ಸಾಂತಿಯಾಗೊದಲ್ಲಿ ಓದುವವಳು.
‘ಚಿಕ್ಕಮ್ಮ, ಅಮ್ಮನಿಗೆ ಹೇಳಬೇಡ.
ಅವನು ಹೊರಗೇ… ಆದರೆ ಅದಕ್ಕೂ ಮೊದಲು
ಒಂದು ಹನಿ ಬರುತ್ತಲ್ಲ, ತಿಳಿಯಾಗಿ,
ಅದರಲ್ಲೂ ಇರುತ್ತವಾ?’

ಆ ಹನಿ ಬೇರೆ ಗ್ರಂಥಿಯದು ಮಗಳೇ,
ದೊಡ್ಡವರು ಬರುವ ಮುಂಚೆ ಅಂಗಳಕ್ಕೆ ಹಾಕುವ ನೀರು.
ಹಲವರಲ್ಲಿ ಬರೀ ನೀರು.
ಕೆಲವರಲ್ಲಿ ಅಲ್ಲ.
ಯಾರಲ್ಲಿ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ.
‘ಕಡಿಮೆ,’ ಅಂದೆ. ‘ಇಲ್ಲ ಎನ್ನಲಾರೆ.
ಔಷಧಿ ಅಂಗಡಿಗೆ ಈಗಲೇ ಹೋಗು, ಸಂಜೆಗೆ ತಳ್ಳಬೇಡ.’
ಅಳತೊಡಗಿದಳು.
ಅಳಬೇಡ ಅನ್ನಲಿಲ್ಲ, ಬೂಟು ಹಾಕಿಕೋ ಅಂದೆ.

ಮತ್ತೆ ಗಾಜಿನ ಚೌಕಗಳು.
ಮೊದಲನೆಯದು ಖಾಲಿ. ಎರಡು, ಮೂರು, ಖಾಲಿ.
ನಾಲ್ಕರಲ್ಲಿ ಒಂದು, ಬಾಲ ಸುತ್ತಿಕೊಂಡು ಸತ್ತದ್ದು.
ಬೆಂಕಿಯೆದುರು ಹದಿನಾರು ವರ್ಷ ಕೂತವನು,
ಚರ್ಮದ ಏಪ್ರನ್ನು ತೊಡೆಯವರೆಗೆ ಕಾದು…
ಅದೇ ಕಾರಣವೆಂದು ನಾನು ಹೇಳಲಾರೆ. ಆದರೆ ನೆನೆದೆ.
ಐದು, ಆರು. ಕಣ್ಣು ಉರಿಯಿತು, ಒರೆಸಿಕೊಂಡೆ.
ಒಂಬತ್ತರ ಅಂಚಿನಲ್ಲಿ
ಏನೋ ಅಲ್ಲಾಡಿತು.
ಒಂದು. ತಲೆ ಆಡಿಸುತ್ತ, ತಡವರಿಸುತ್ತ,
ಆದರೆ ನೇರ, ಬಲಗಡೆಗೆ, ಹೊರಟಿತ್ತು.
ಎಲ್ಲಿಗೆ? ಗಾಜಿನ ಮೇಲೆ ಊರಿಲ್ಲ ಮಾರಾಯ.
ಹೊರಟೇ ಇತ್ತು.

ಈ ಒಂದಕ್ಕೇ ಅಲ್ಲವೆ ಸಾಂತಿಯಾಗೊದಲ್ಲಿ ಹುಡುಗಿ
ಲೇಸು ಕಟ್ಟದೆ ಓಡಿದ್ದು.
ಈ ಒಂದಕ್ಕೇ ಹೊರಗಿನವಳು ಜಿಪ್ಪು ಎಳೆದದ್ದು.
ಅದಕ್ಕೆ ಎರಡೂ ಗೊತ್ತಿಲ್ಲ. ಅದಕ್ಕೆ ಬಾಲ ಗೊತ್ತು.

ಫಲಿತಾಂಶ ಡಾಕ್ಟರೇ ಹೇಳಬೇಕು, ಅದು ನಿಯಮ.
ಓಯಾರ್ಸೊ ಬಾಗಿಲಲ್ಲಿ ಟೋಪಿ ತಿರುಗಿಸುತ್ತ ನಿಂತ.
‘ಇದ್ದಾವಾ?’
‘ಕಡಿಮೆ,’ ಅಂದೆ. ನಿಯಮ ಮುರಿದಿತ್ತು.
‘ಇಲ್ಲ ಎನ್ನಲಾರೆ.’
ಹಿಂದೆ ನಿಂತ ನೊಲ್ಫಾ ಫಕ್ಕನೆ ನಕ್ಕಳು,
ನಕ್ಕದ್ದಕ್ಕೆ ನಾಚಿ ಬಾಯಿಗೆ ಕೈ ಇಟ್ಟಳು.
ಅದೇ ಎರಡು ಮಾತು, ಒಂದೇ ಬೆಳಿಗ್ಗೆ, ಒಂದೇ ನಾಲಿಗೆ.

ಹೊಸದೊಂದು ತಯಾರಾಗಲು ಎಪ್ಪತ್ತು ಚಿಲ್ಲರೆ ದಿನ.
ಸೆಪ್ಟೆಂಬರಿಗೆ ಮತ್ತೆ ಬರಲು ಬರೆದುಕೊಟ್ಟೆ.
ಮಫ್ಲರು ಮೇಜಿನ ಮೇಲೆ ಮರೆತುಹೋಗಿದ್ದಾನೆ.
ಮಡಿಸಿ ಹೀಟರಿನ ಮೇಲಿಟ್ಟಿದ್ದೇನೆ;
ಕಬ್ಬಿಣದ ವಾಸನೆ, ಸ್ವಲ್ಪ ಸೋಪಿನದು.
ಕಿಟಕಿಯಾಚೆ ಜಲಸಂಧಿ ಈಗಷ್ಟೇ ಬೂದಿಬಣ್ಣಕ್ಕೆ ತಿರುಗುತ್ತಿದೆ.
ಮಿಲೆಂಕಾ ಇನ್ನೂ ಏನೂ ಬರೆದಿಲ್ಲ.